ತೋರುನ್: ವಿಸ್ಟುಲಾ ದಂಡೆಯ ಇಟ್ಟಿಗೆ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಊರು ಎಲ್ಲಿದೆ? ಹೆಸರನ್ನು ಹೇಗೆ ಹೇಳಬೇಕು?

ಪೋಲೆಂಡಿನ ಉತ್ತರ ಭಾಗದಲ್ಲಿ, ವಿಸ್ಟುಲಾ ನದಿಯ ಬಲದಂಡೆಯ ಮೇಲೆ ಇದೆ. ರಾಜಧಾನಿ ವಾರ್ಸಾದಿಂದ ವಾಯವ್ಯಕ್ಕೆ ರೈಲಿನಲ್ಲಿ ಹೊರಟರೆ ಎರಡೂವರೆ, ಮೂರು ಗಂಟೆಯ ದಾರಿ. ಜನಸಂಖ್ಯೆ ಸುಮಾರು ಎರಡು ಲಕ್ಷ.

ಹೆಸರಿನ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಪೋಲಿಷ್ ಭಾಷೆಯಲ್ಲಿ ಈ ಹೆಸರಿನ ಕೊನೆಯ ಅಕ್ಷರ ನಮ್ಮ ‘ನ್’ ಅಲ್ಲ, ‘ಞ್’. ‘ತೋರುಞ್’ ಎಂದರೆ ಅಲ್ಲಿಯವರ ಉಚ್ಚಾರಣೆಗೆ ತೀರ ಹತ್ತಿರ ಬರುತ್ತದೆ. ವರ್ಣಮಾಲೆಯಲ್ಲಿ ಕಲಿತು ಮತ್ತೆ ಅಪರೂಪಕ್ಕೆ ಬಳಸುವ ಅಕ್ಷರ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಓದಲು ಸುಲಭವಾಗಲೆಂದು ಈ ಬರಹದಲ್ಲಿ ‘ತೋರುನ್’ ಎಂದೇ ಬರೆದಿದ್ದೇನೆ. ಹಳೆಯ ಜರ್ಮನ್ ದಾಖಲೆಗಳಲ್ಲಿ ಇದೇ ಊರು ‘ಥಾರ್ನ್’. ಇತಿಹಾಸದ ಪುಸ್ತಕಗಳಲ್ಲಿ ‘ಥಾರ್ನ್ ಒಪ್ಪಂದ’ ಎಂದು ಕಂಡರೆ ಅದು ಬೇರೆ ಊರಲ್ಲ.

ಊರನ್ನು ಕಟ್ಟಿದವರು ಯಾರು?

ಟ್ಯೂಟಾನಿಕ್ ನೈಟರು. ಜೆರುಸಲೇಮಿನ ಧರ್ಮಯುದ್ಧಗಳ ಕಾಲದಲ್ಲಿ ಹುಟ್ಟಿದ, ಸನ್ಯಾಸದ ವ್ರತ ತೊಟ್ಟ ಜರ್ಮನ್ ಯೋಧರ ಸಂಘ ಅದು. ಬಾಲ್ಟಿಕ್ ಸಮುದ್ರದ ಕಡೆಯಿಂದ ದಾಳಿ ಮಾಡುತ್ತಿದ್ದ ಪ್ರಶ್ಯನ್ ಬುಡಕಟ್ಟುಗಳನ್ನು ಹತ್ತಿಕ್ಕಲು ಮಾಜೋವ್ಶೆ ಪ್ರಾಂತದ ದೊರೆ ಕೊನ್ರಾಡ್ 1226ರಲ್ಲಿ ಇವರನ್ನು ಕರೆಸಿಕೊಂಡ. ಕಾವಲಿಗೆಂದು ಬಂದವರು ಅಲ್ಲೇ ತಮ್ಮದೇ ರಾಜ್ಯ ಕಟ್ಟಿಕೊಂಡು ಕುಳಿತರು. ಮುಂದಿನ ಇನ್ನೂರು ವರ್ಷ ಪೋಲೆಂಡಿನ ದೊಡ್ಡ ತಲೆನೋವು ಇವರೇ.

1233ರ ಡಿಸೆಂಬರ್ 28ರಂದು ತೋರುನ್‌ಗೆ ಪಟ್ಟಣದ ಹಕ್ಕುಪತ್ರ ಸಿಕ್ಕಿತು. ಮೊದಲ ಊರು ಈಗಿನ ಜಾಗದಲ್ಲಿರಲಿಲ್ಲ. ಕೆಲವು ಕಿಲೋಮೀಟರ್ ಪಶ್ಚಿಮಕ್ಕೆ, ನದಿಯ ತಗ್ಗಿನಲ್ಲಿತ್ತು. ಪ್ರವಾಹ ಸಹಿಸಲಾಗದೆ 1236ರಲ್ಲಿ ಈಗಿನ ಜಾಗಕ್ಕೆ ಬಂತು. 1264ರಲ್ಲಿ ಪಕ್ಕದಲ್ಲೇ ಇನ್ನೊಂದು ಪಟ್ಟಣ ಎದ್ದಿತು. ಹಳೆಯದರಲ್ಲಿ ವರ್ತಕರು, ಹೊಸದರಲ್ಲಿ ಹೆಚ್ಚಾಗಿ ಕಸುಬುದಾರರು. ಎರಡಕ್ಕೂ ಬೇರೆ ಬೇರೆ ಪುರಸಭೆ, ಬೇರೆ ಬೇರೆ ಚೌಕ, ನಡುವೆ ಗೋಡೆ. ಎರಡರ ಸಂದಿಯಲ್ಲಿ, ನದಿಯ ಕಡೆಗೆ, ಇಬ್ಬರ ಮೇಲೂ ಕಣ್ಣಿಟ್ಟಿದ್ದ ನೈಟರ ಕೋಟೆ. ಇಂದಿಗೂ ಹಳೇ ಪಟ್ಟಣ, ಹೊಸ ಪಟ್ಟಣ ಎಂದೇ ಕರೆಯುತ್ತಾರೆ. ಆ ‘ಹೊಸ’ ಪಟ್ಟಣಕ್ಕೆ ಏಳೂವರೆ ಶತಮಾನ ದಾಟಿದೆ.

ಎಲ್ಲಿ ನೋಡಿದರೂ ಕೆಂಪು ಇಟ್ಟಿಗೆಯೇ ಏಕೆ?

ಕಲ್ಲು ಸಿಗುವುದಿಲ್ಲವಾದ್ದರಿಂದ. ಉತ್ತರ ಪೋಲೆಂಡ್ ಹಿಮಯುಗದ ಹಿಮನದಿಗಳು ತಂದು ಸುರಿದ ಮರಳು, ಜೇಡಿಮಣ್ಣಿನ ಬಯಲು. ಅಡಿಪಾಯಕ್ಕೆ ಹಾಕಲು ಹೊಲದಲ್ಲಿ ಉರುಟು ಬಂಡೆಗಳು ಸಿಗುತ್ತವೆ, ಕೆತ್ತಲು ಕಲ್ಲಿನ ಗುಡ್ಡಗಳಿಲ್ಲ. ಹಾಗಾಗಿ ಫ್ರಾನ್ಸಿನ ಶಿಲ್ಪಿಗಳು ಕಲ್ಲಿನಲ್ಲಿ ಮಾಡಿದ, ಮೊನಚು ಕಮಾನುಗಳ ಗಾಥಿಕ್ ವಾಸ್ತುವನ್ನು ಇಲ್ಲಿಯವರು ಸುಟ್ಟ ಮಣ್ಣಿನಲ್ಲಿ ಮಾಡಿದರು. ಕಲ್ಲಿನಂತೆ ಕೆತ್ತಿ ಬಳ್ಳಿ, ಮುಖ, ಪ್ರಾಣಿಗಳನ್ನು ಮೂಡಿಸಲು ಇಟ್ಟಿಗೆ ಒಪ್ಪುವುದಿಲ್ಲ. ಆದ್ದರಿಂದ ಅಲಂಕಾರ ಕಡಿಮೆ, ಎತ್ತರ ಮತ್ತು ಗೋಡೆಯ ಗಾಂಭೀರ್ಯ ಹೆಚ್ಚು. ಅಲ್ಲಲ್ಲಿ ಕಪ್ಪು, ಹಸಿರು ಮೆರುಗು ಕೊಟ್ಟ ಇಟ್ಟಿಗೆಗಳನ್ನು ಸಾಲಾಗಿ ಕೂರಿಸಿ ಗೋಡೆಗೆ ಅಂಚು ನೇಯ್ದಿದ್ದಾರೆ. 1309ರಲ್ಲಿ ಆರಂಭಿಸಿದ ಸಂತ ಯಾಕೋಬನ ಚರ್ಚಿನಲ್ಲಿ ಈ ಕೈಚಳಕ ಚೆನ್ನಾಗಿ ಕಾಣುತ್ತದೆ.

ಇಟ್ಟಿಗೆಯ ಬಣ್ಣ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಮಳೆ ಬಿದ್ದ ಬೆಳಿಗ್ಗೆ ಕಂದು, ಇಳಿಬಿಸಿಲಿಗೆ ಕೆಂಡದ ಹಾಗೆ. ಈ ಊರನ್ನು ಒಂದೇ ಹೊತ್ತಿನಲ್ಲಿ ನೋಡಿ ಹೊರಟುಬಿಟ್ಟವರು ಅರ್ಧವಷ್ಟೇ ನೋಡಿದಂತೆ.

ಇಷ್ಟು ದೊಡ್ಡ ಚರ್ಚುಗಳನ್ನು ಕಟ್ಟಲು ಹಣ ಎಲ್ಲಿಂದ ಬಂತು?

ನದಿಯಿಂದ. ಬಾಲ್ಟಿಕ್ ಮತ್ತು ಉತ್ತರ ಸಮುದ್ರದ ವ್ಯಾಪಾರಿ ಪಟ್ಟಣಗಳ ಹಾನ್ಸಾ ಕೂಟದಲ್ಲಿ ತೋರುನ್ ಸೇರಿತ್ತು. ಧಾನ್ಯ, ಮರಮುಟ್ಟು, ದಕ್ಷಿಣದ ಬೆಟ್ಟಗಳ ತಾಮ್ರ ಕೆಳಗೆ ಗ್ಡಾನ್ಸ್ಕ್ ಬಂದರಿನ ಕಡೆಗೆ ಹೋಗುತ್ತಿದ್ದವು. ಫ್ಲಾಂಡರ್ಸಿನ ಬಟ್ಟೆ, ಉಪ್ಪು, ಹೆರಿಂಗ್ ಮೀನು ಮೇಲೆ ಬರುತ್ತಿದ್ದವು. ಈ ದಾರಿಯಲ್ಲಿ ಹಾದುಹೋಗುವ ವ್ಯಾಪಾರಿ ಇಲ್ಲಿ ನಿಂತು, ತನ್ನ ಸರಕನ್ನು ಊರಿನವರಿಗೆ ಮಾರಾಟಕ್ಕೆ ಇಟ್ಟೇ ಮುಂದೆ ಹೋಗಬೇಕೆಂಬ ಹಕ್ಕನ್ನೂ ಊರು ಪಡೆದುಕೊಂಡಿತ್ತು. 1500ರ ಹೊತ್ತಿಗೆ ವಿಸ್ಟುಲಾಕ್ಕೆ ಅಡ್ಡಲಾಗಿ ಮರದ ಸೇತುವೆಯನ್ನೂ ಕಟ್ಟಿಸಿತು.

ಮರದ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ ನದಿಯಲ್ಲಿ ತೇಲಿಸಿಕೊಂಡು ಬರುತ್ತಿದ್ದವರನ್ನು ‘ಫ್ಲಿಸಾಕ್’ ಎನ್ನುತ್ತಾರೆ. ಪುರಭವನದ ಪಕ್ಕದ ಕಾರಂಜಿಯಲ್ಲಿ ಅಂಥ ಒಬ್ಬ ತೆಪ್ಪದ ಹುಡುಗ ಪಿಟೀಲು ನುಡಿಸುತ್ತ ನಿಂತಿದ್ದಾನೆ, ಸುತ್ತಲೂ ಕಪ್ಪೆಗಳಿವೆ. ಊರಿಗೆ ಕಪ್ಪೆಗಳ ಕಾಟ ಮುತ್ತಿದಾಗ ಪಿಟೀಲು ನುಡಿಸಿ ಅವನ್ನೆಲ್ಲ ಊರಾಚೆ ಕರೆದೊಯ್ದನೆಂದು ಕಥೆ.

ನೈಟರ ಕೋಟೆ ಬರೀ ಹಾಳು ಗೋಡೆಯಾಗಿ ಬಿದ್ದಿದೆಯಲ್ಲ, ಯಾವ ಯುದ್ಧದಲ್ಲಿ ಹಾಗಾಯಿತು?

ಈ ಊರಿನ ಸ್ವಭಾವ ತಿಳಿಯಬೇಕಾದರೆ ಈ ಪ್ರಶ್ನೆಯಿಂದಲೇ ಶುರುಮಾಡಬೇಕು. ಕೋಟೆಯನ್ನು ಶತ್ರು ರಾಜನೊಬ್ಬ ಕೆಡವಲಿಲ್ಲ. ಊರಿನವರೇ ಕೆಡವಿದರು.

1410ರಲ್ಲಿ ಗ್ರುನ್‌ವಾಲ್ಡ್ ಕದನದಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾದ ಸೇನೆಗಳು ನೈಟರನ್ನು ಸೋಲಿಸಿದವು. ಮರುವರ್ಷ ತೋರುನ್‌ನಲ್ಲೇ ಒಪ್ಪಂದವಾಯಿತು. ಸೋತ ನೈಟರು ಯುದ್ಧದ ಸಾಲ ತೀರಿಸಲು ಪಟ್ಟಣಗಳ ಮೇಲೆ ತೆರಿಗೆ ಹೇರಿದರು, ಅದರ ಜೊತೆಗೆ ತಾವೂ ವ್ಯಾಪಾರಕ್ಕಿಳಿದು ವರ್ತಕರಿಗೆ ಪೈಪೋಟಿ ಕೊಟ್ಟರು. 1440ರಲ್ಲಿ ಪಟ್ಟಣಗಳೂ ಸ್ಥಳೀಯ ಜಮೀನುದಾರರೂ ಸೇರಿ ಪ್ರಶ್ಯನ್ ಒಕ್ಕೂಟ ಮಾಡಿಕೊಂಡರು. 1454ರ ಫೆಬ್ರವರಿಯಲ್ಲಿ ಒಕ್ಕೂಟ ನೈಟರಿಗೆ ಕೊಟ್ಟಿದ್ದ ನಿಷ್ಠೆಯ ಮಾತನ್ನು ಹಿಂತೆಗೆದುಕೊಂಡಿತು. ತೋರುನ್‌ನ ಜನ ಕೋಟೆಗೆ ನುಗ್ಗಿದರು, ಹಿಡಿದರು, ಕೆಡವಿದರು. ಪಟ್ಟಣದ ಆಡಳಿತ ಪೋಲೆಂಡಿನ ದೊರೆ ನಾಲ್ಕನೇ ಕಾಜಿಮಿಯೆಜ್‌ನ ಆಶ್ರಯ ಕೇಳಿತು. ಅದೇ ವರ್ಷ ಹಳೇ ಪಟ್ಟಣವೂ ಹೊಸ ಪಟ್ಟಣವೂ ಒಂದಾದವು.

ಅಲ್ಲಿಂದ ಶುರುವಾದದ್ದು ಹದಿಮೂರು ವರ್ಷಗಳ ಯುದ್ಧ. ಊರು ತನ್ನ ಬೊಕ್ಕಸ ಬರಿದು ಮಾಡಿಕೊಂಡು ಅದಕ್ಕೆ ಹಣ ಸುರಿಯಿತು. 1466ರ ಅಕ್ಟೋಬರ್ 19ರಂದು ಮತ್ತೆ ತೋರುನ್‌ನಲ್ಲೇ ಎರಡನೆಯ ಒಪ್ಪಂದಕ್ಕೆ ಮುದ್ರೆ ಬಿತ್ತು. ಗ್ಡಾನ್ಸ್ಕ್, ಮಾಲ್ಬೋರ್ಕ್, ತೋರುನ್ ಎಲ್ಲವೂ ಪೋಲಿಷ್ ದೊರೆಯ ಕೈಗೆ ಬಂದವು. ತೋರುನ್‌ನ ಪುರಸಭೆ ತನ್ನ ಆಡಳಿತದ ಬಹಳಷ್ಟು ಹಕ್ಕುಗಳನ್ನು ತನ್ನಲ್ಲೇ ಉಳಿಸಿಕೊಂಡಿತು.

ಆಶ್ಚರ್ಯವೆಂದರೆ, ಆಮೇಲೆ ಆ ಜಾಗದಲ್ಲಿ ಊರಿನವರು ಹೊಸ ಅರಮನೆ ಕಟ್ಟಲಿಲ್ಲ. ಹಾಳಾಗಿಯೇ ಬಿಟ್ಟರು, ಶತಮಾನಗಳ ಕಾಲ ಅಲ್ಲಿ ಕಸ ಸುರಿದರು. ನೆಲಮಾಳಿಗೆ, ಅಂಗಳದ ಗೋಡೆ, ಮತ್ತು ಗಟ್ಟಿಯಾಗಿ ನಿಂತಿರುವ ಒಂದು ಗೋಪುರ ಮಾತ್ರ ಉಳಿದಿವೆ. ಆ ಗೋಪುರದ ಹೆಸರು ‘ಗ್ಡಾನಿಸ್ಕೊ’. ಕೋಟೆಯಿಂದ ಹೊರಕ್ಕೆ, ತೊರೆಯ ಮೇಲೆ, ಕಮಾನಿನ ದಾರಿಯ ತುದಿಯಲ್ಲಿ ಕಟ್ಟಿದ ಅದು ನೈಟರ ಶೌಚಗೃಹ. ಗೆದ್ದವರ ಸ್ಮಾರಕಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ತಾವು ಕೆಡವಿದ್ದನ್ನು ಕೆಡವಿದ ಹಾಗೆಯೇ ಕಾಪಾಡಿಕೊಂಡ ಊರುಗಳು ಬಹಳ ಇಲ್ಲ. ತೋರುನ್‌ನಲ್ಲಿ ನನ್ನನ್ನು ಅತಿಹೆಚ್ಚು ಹಿಡಿದು ನಿಲ್ಲಿಸುವುದು ಈ ಮುರಿದ ಗೋಡೆಗಳೇ.

ಕೋಪರ್ನಿಕಸ್ ನಿಜವಾಗಿಯೂ ಇಲ್ಲಿಯವರೇ?

ಹೌದು. 1473ರ ಫೆಬ್ರವರಿ 19ರಂದು ಇಲ್ಲಿ ಹುಟ್ಟಿದರು. ತಂದೆ ನಿಕೋಲಸ್ ಕ್ರಾಕೋವ್‌ನಿಂದ ಬಂದು ನೆಲೆಸಿದ ತಾಮ್ರದ ವ್ಯಾಪಾರಿ. ತಾಯಿ ಬಾರ್ಬರಾ, ಊರಿನ ಸಿರಿವಂತ ವಾಟ್ಸೆನ್‌ರೋಡೆ ಮನೆತನದವರು. ಈ ಮನೆತನ ನೈಟರ ವಿರುದ್ಧದ ಹೋರಾಟದಲ್ಲಿ ಮುಂದೆ ನಿಂತಿತ್ತು. ಕೋಟೆ ಉರುಳಿ ಹತ್ತೊಂಬತ್ತು ವರ್ಷಕ್ಕೆ ಹುಟ್ಟಿದ ಮಗುವಿಗೆ ಆ ಕಥೆಗಳು ಮನೆಯಲ್ಲೇ ಕಿವಿಗೆ ಬಿದ್ದಿರಬೇಕು.

ಹತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಸೋದರಮಾವ ಲೂಕಾಸ್ ಕೈಹಿಡಿದರು, ಮುಂದೆ ಅವರು ವಾರ್ಮಿಯಾದ ಬಿಷಪ್ ಆದರು. 1491ರಲ್ಲಿ ಹುಡುಗ ಓದಲು ಕ್ರಾಕೋವ್‌ಗೆ ಹೋದ, ಅಲ್ಲಿಂದ ಇಟಲಿಗೆ. ಬದುಕಿನ ಬಹುಭಾಗವನ್ನು ಕಳೆದದ್ದು, 1543ರಲ್ಲಿ ತೀರಿಕೊಂಡದ್ದು ಉತ್ತರದ ಫ್ರೊಂಬೊರ್ಕ್‌ನಲ್ಲಿ. ಸೂರ್ಯನ ಸುತ್ತ ಭೂಮಿ ತಿರುಗುತ್ತದೆಂದು ಹೇಳಿದ ಅವರ ಗ್ರಂಥ ಅದೇ ವರ್ಷ ಅಚ್ಚಾಯಿತು. ಅಂದರೆ ಅವರ ಖಗೋಳದ ಕೆಲಸ ತೋರುನ್‌ನಲ್ಲಿ ನಡೆದದ್ದಲ್ಲ. ಇಲ್ಲಿ ನೋಡಬೇಕಾದದ್ದು ಅವರು ಬೆಳೆದ ಪರಿಸರ: ಈಗ ಅವರದೇ ಹೆಸರಿನ ಬೀದಿಯಲ್ಲಿ ವಸ್ತುಸಂಗ್ರಹಾಲಯವಾಗಿರುವ ವರ್ತಕರ ಎತ್ತರದ ಮನೆ. ಕೆಳಗೆ ವ್ಯವಹಾರ, ಅಟ್ಟದ ಮೇಲೆ ಸರಕು ಇಡುವ ಕಣಜ. ದೀಕ್ಷಾಸ್ನಾನದ ಹಳೆಯ ತೊಟ್ಟಿ ಸಂತ ಯೋಹಾನರ ಕೆಥೆಡ್ರಲ್‌ನಲ್ಲಿದೆ.

ಅವರು ಪೋಲಿಷರೋ, ಜರ್ಮನರೋ?

ಎರಡು ದೇಶಗಳೂ ಇದಕ್ಕಾಗಿ ಬಹಳ ಕಾಲ ಜಗ್ಗಾಡಿವೆ. ಮನೆಮಾತು ಜರ್ಮನ್, ಬರೆದದ್ದು ಲ್ಯಾಟಿನ್‌ನಲ್ಲಿ ಮತ್ತು ಜರ್ಮನ್‌ನಲ್ಲಿ. ನಿಷ್ಠೆ ಪೋಲೆಂಡಿನ ದೊರೆಗೆ. 1520-21ರಲ್ಲಿ ಟ್ಯೂಟಾನಿಕ್ ನೈಟರು ಮತ್ತೆ ದಂಡೆತ್ತಿ ಬಂದಾಗ ಓಲ್ಶ್ಟಿನ್ ಕೋಟೆಯ ರಕ್ಷಣೆಗೆ ನಿಂತವರು ಇದೇ ಖಗೋಳಜ್ಞ. ಹತ್ತೊಂಬತ್ತನೆಯ ಶತಮಾನದ ರಾಷ್ಟ್ರೀಯತೆಯ ಅಳತೆಗೋಲನ್ನು ಹದಿನೈದನೆಯ ಶತಮಾನದ ಪಟ್ಟಣವಾಸಿಗೆ ಹಿಡಿಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪುರಭವನದ ಎದುರಿನ ಪ್ರತಿಮೆಯ ಮೇಲಿನ ಲ್ಯಾಟಿನ್ ಬರಹ ಇದನ್ನು ಚೆನ್ನಾಗಿ ಬಗೆಹರಿಸಿದೆ. 1853ರಲ್ಲಿ, ಊರು ಪ್ರಶ್ಯಾ ಎಂಬ ಜರ್ಮನ್ ರಾಜ್ಯದ ಆಳ್ವಿಕೆಯಲ್ಲಿದ್ದಾಗ ನಿಲ್ಲಿಸಿದ ಪ್ರತಿಮೆ ಅದು. ‘ತೋರುನ್‌ನ ನಿಕೋಲಸ್ ಕೋಪರ್ನಿಕಸ್, ಭೂಮಿಯನ್ನು ಚಲಿಸುವಂತೆ ಮಾಡಿದವನು, ಸೂರ್ಯನನ್ನೂ ಆಕಾಶವನ್ನೂ ನಿಲ್ಲಿಸಿದವನು’ ಎಂಬ ಅರ್ಥದ ಸಾಲು. ಅದರಲ್ಲಿ ಯಾವ ದೇಶದ ಹೆಸರೂ ಇಲ್ಲ, ಊರಿನ ಹೆಸರು ಇದೆ.

ಪ್ಯೆರ್ನಿಕ್ ಎಂದರೇನು? ಅದಕ್ಕೂ ನಮಗೂ ನಂಟಿದೆಯೇ?

ಜೇನುತುಪ್ಪ, ಹಿಟ್ಟು, ಮಸಾಲೆ ಕಲಸಿ ಬೇಯಿಸಿದ ಗಾಢ ಕಂದು ಬಣ್ಣದ ತಿನಿಸು. ಊರಿನ ದಾಖಲೆಗಳಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೇ ಇದರ ಸುಳಿವಿದೆ. ಸುತ್ತಲಿನ ಕಾಡುಗಳಲ್ಲಿ ಜೇನು, ಹೆಲ್ಮ್‌ನೊ ಸೀಮೆಯ ಹೊಲಗಳಲ್ಲಿ ಧಾನ್ಯ ಬೇಕಾದಷ್ಟು ಇತ್ತು. ಮಸಾಲೆ ಮಾತ್ರ ದೂರದಿಂದ ಬರಬೇಕಿತ್ತು.

ನಂಟು ಇರುವುದು ಅಲ್ಲಿಯೇ. ‘ಪ್ಯೆರ್ನಿಕ್’ ಎಂಬ ಹೆಸರು ಬಂದದ್ದು ಹಳೆಯ ಪೋಲಿಷ್‌ನ ‘ಪ್ಯೆರ್ನಿ’ ಎಂಬ ಮಾತಿನಿಂದ. ಮೆಣಸಿನ ಖಾರವುಳ್ಳದ್ದು ಎಂದು ಅದರ ಅರ್ಥ. ಮಧ್ಯಯುಗದ ಯುರೋಪಿಗೆ ಹೋಗುತ್ತಿದ್ದ ಕರಿಮೆಣಸಿನ ಬಹುಪಾಲು ಬೆಳೆದದ್ದು ನಮ್ಮ ಪಶ್ಚಿಮ ಘಟ್ಟದ ತಪ್ಪಲಿನಲ್ಲಿ. ಅರಬ್ಬಿ ಸಮುದ್ರ ದಾಟಿ, ಕೈಯಿಂದ ಕೈಗೆ ಬದಲಾಗಿ, ಪ್ರತಿ ಸುಂಕದ ಕಟ್ಟೆಯಲ್ಲೂ ಬೆಲೆ ಏರಿಸಿಕೊಂಡು ಅದು ವಿಸ್ಟುಲಾ ದಂಡೆಯ ಬೇಕರಿಯವನ ಒರಳಿಗೆ ಬೀಳುತ್ತಿತ್ತು. ಮೆಣಸಿನ ಬಳ್ಳಿಗೆ ಏಣಿ ಹಾಕಿ ಗೊಂಚಲು ಬಿಡಿಸುವವರನ್ನು ನೋಡಿ ಬೆಳೆದವರಿಗೆ ಈ ತಿನಿಸನ್ನು ಮೂಸಿದಾಗ ಅಪರಿಚಿತ ಎನ್ನಿಸುವುದಿಲ್ಲ.

ಹಿಟ್ಟನ್ನು ಕಲಸಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಂಪು ಜಾಗದಲ್ಲಿ ಹದಕ್ಕೆ ಬರಲು ಇಡುತ್ತಿದ್ದರು. ಮಗಳು ಹುಟ್ಟಿದಾಗ ಕಲಸಿಟ್ಟ ಹಿಟ್ಟನ್ನು ಅವಳ ಮದುವೆಗೆ ತೆಗೆದು ಬೇಯಿಸುತ್ತಿದ್ದರೆಂದೂ ಹೇಳುತ್ತಾರೆ. ಮರದಲ್ಲಿ ಕೆತ್ತಿದ ಅಚ್ಚುಗಳಲ್ಲಿ ಒತ್ತಿ ರಾಜರು, ಸಾರೋಟುಗಳು, ಹೃದಯ, ಕೂಸು ಹೀಗೆ ಆಕಾರ ಕೊಡುತ್ತಿದ್ದರು. ಆರು ದುಂಡು ಬಿಲ್ಲೆಗಳನ್ನು ಒಟ್ಟಿಗೆ ಅಂಟಿಸಿದಂತಿರುವ ‘ಕತಜಿಂಕಾ’ ತೋರುನ್‌ನ ಗುರುತು. ನವೆಂಬರ್ 25ರ ಸಂತ ಕ್ಯಾಥರೀನಳ ಹಬ್ಬಕ್ಕೂ ಇದಕ್ಕೂ ಸಂಬಂಧ ಹೇಳುತ್ತಾರೆ, ಕ್ರಿಸ್‌ಮಸ್‌ನ ಬೇಯಿಸುವ ಕೆಲಸ ಶುರುವಾಗುತ್ತಿದ್ದದ್ದು ಆ ದಿನಗಳಲ್ಲೇ. 1763ರಲ್ಲಿ ಆರಂಭವಾದ ವೇಸೆ ಕುಟುಂಬದ ಬೇಕರಿ ಮುಂದೆ ದೊಡ್ಡ ಕಾರ್ಖಾನೆಯಾಯಿತು. ಅವರ ಹಳೆಯ ಕಾರ್ಖಾನೆಯ ಕಟ್ಟಡದಲ್ಲೇ ಈಗ ಪ್ಯೆರ್ನಿಕ್ ವಸ್ತುಸಂಗ್ರಹಾಲಯವಿದೆ. ಪೋಲೆಂಡಿನ ಹೆಸರಾಂತ ಸಂಗೀತಗಾರ ಶೊಪಾನ್ ಹದಿಹರೆಯದಲ್ಲಿ, 1825ರಲ್ಲಿ, ಇಲ್ಲಿಗೆ ಬಂದು ಊರನ್ನೆಲ್ಲ ಸುತ್ತಿದ ಮೇಲೆ ಗೆಳೆಯನಿಗೆ ಬರೆದ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗಳಿದ್ದು ಈ ತಿನಿಸನ್ನೇ.

ವಾಲುಗೋಪುರದ ಕಥೆ ಏನು?

ಊರಿನ ಕೋಟೆಗೋಡೆಯ ಬುರುಜು ಅದು. ಅಡಿಯ ಮಣ್ಣು ಕುಸಿದು ವಾಲಿತು. ಎತ್ತರ ಹದಿನೈದು ಮೀಟರ್, ವಾಲಿರುವುದು ಸುಮಾರು ಒಂದೂವರೆ ಮೀಟರ್. ವ್ರತ ಮುರಿದು ಊರಿನ ಹುಡುಗಿಯನ್ನು ಪ್ರೀತಿಸಿದ ನೈಟನಿಗೆ ತನ್ನ ನಡತೆಯಷ್ಟೇ ವಕ್ರವಾದ ಗೋಪುರ ಕಟ್ಟುವ ಶಿಕ್ಷೆ ಸಿಕ್ಕಿತೆಂದು ಕಥೆ ಹೇಳುತ್ತಾರೆ. ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ, ಕೈ ಮುಂದೆ ಚಾಚಿ ಬೀಳದೆ ನಿಂತರೆ ಪಾಪವಿಲ್ಲದವರು ಎಂಬ ಪರೀಕ್ಷೆಯೂ ಇದೆ.

ಚರ್ಚುಗಳಲ್ಲಿ ತಪ್ಪದೆ ನೋಡಬೇಕಾದದ್ದು ಏನು?

ಸಂತ ಯೋಹಾನರ ಕೆಥೆಡ್ರಲ್‌ನ ಗೋಪುರದಲ್ಲಿ 1500ರಲ್ಲಿ ಎರಕ ಹೊಯ್ದ ‘ತೂಬಾ ದೇಯಿ’ ಎಂಬ ಗಂಟೆ ಇದೆ. ದೇವರ ಕಹಳೆ ಎಂದರ್ಥ. ತೂಕ ಏಳು ಟನ್ನಿಗೂ ಹೆಚ್ಚು. ನದಿಯ ಕಡೆ ಮುಖ ಮಾಡಿರುವ ಹಳೆಯ ಗಡಿಯಾರಕ್ಕೆ ಒಂದೇ ಮುಳ್ಳು. ತೆಪ್ಪದವರಿಗೆ ಗಂಟೆ ತಿಳಿದರೆ ಸಾಕಿತ್ತು, ನಿಮಿಷ ಬೇಕಿರಲಿಲ್ಲ. 1501ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ದೊರೆ ಯಾನ್ ಓಲ್‌ಬ್ರಖ್ತ್‌ನ ಹೃದಯವನ್ನು ಈ ಚರ್ಚಿನಲ್ಲಿ ಇಟ್ಟರು, ದೇಹ ಕ್ರಾಕೋವ್‌ಗೆ ಹೋಯಿತು.

ಸಂತ ಮರಿಯಾಳ ಚರ್ಚಿನಲ್ಲಿ ರಾಜಕುಮಾರಿ ಆನ್ನಾ ವಾಸಾಳ ಸಮಾಧಿ ಇದೆ. ಸ್ವೀಡನ್ ಮೂಲದ ಈಕೆ ಪೋಲೆಂಡಿನ ದೊರೆ ಮೂರನೇ ಸಿಗಿಸ್ಮಂಡನ ತಂಗಿ, ಗಿಡಮೂಲಿಕೆಗಳನ್ನು ಬಲ್ಲವಳು. ಲೂಥರನ್ ಎಂಬ ಪ್ರೊಟೆಸ್ಟಂಟ್ ಮತ ಬಿಡಲು ಒಪ್ಪದ ಕಾರಣ ರಾಜರ ಸಮಾಧಿಗಳಿರುವ ಕ್ರಾಕೋವ್‌ನ ವಾವೆಲ್‌ನಲ್ಲಿ ಅವಳಿಗೆ ಜಾಗ ಸಿಗಲಿಲ್ಲ. 1625ರಲ್ಲಿ ತೀರಿಕೊಂಡವಳನ್ನು ಹನ್ನೊಂದು ವರ್ಷಗಳ ಮೇಲೆ, 1636ರಲ್ಲಿ, ಅಂದು ಲೂಥರನ್ನರ ಕೈಯಲ್ಲಿದ್ದ ಈ ಚರ್ಚಿನಲ್ಲಿ ಮಣ್ಣು ಮಾಡಿದರು.

ಹಾಗಾದರೆ ಇಲ್ಲಿ ಎಲ್ಲ ಮತದವರೂ ಹೊಂದಿಕೊಂಡು ಬಾಳಿದರೇ?

ಬಹಳ ಕಾಲ ಬಾಳಿದರು, ಎಲ್ಲ ಕಾಲದಲ್ಲೂ ಅಲ್ಲ. 1557ರಲ್ಲೇ ಊರಿಗೆ ಲೂಥರನ್ ಪಂಥವನ್ನು ಅನುಸರಿಸುವ ಹಕ್ಕು ಸಿಕ್ಕಿತ್ತು. ಕ್ಯಾಥೋಲಿಕರು, ಲೂಥರನ್ನರು, ಕ್ಯಾಲ್ವಿನ್ ಪಂಥದವರು ಕೂತು ಮಾತಾಡಿ ರಾಜಿಯಾಗಲಿ ಎಂದು 1645ರಲ್ಲಿ ದೊರೆ ಸಭೆ ಕರೆದದ್ದು ಇಲ್ಲಿಗೇ. ಸಭೆ ಫಲ ಕೊಡಲಿಲ್ಲ.

1724ರ ಜುಲೈನಲ್ಲಿ ಒಂದು ಮೆರವಣಿಗೆಯ ಹೊತ್ತಿನಲ್ಲಿ ಜೆಸ್ವಿಟ್ ಎಂಬ ಕ್ಯಾಥೋಲಿಕ್ ಪಾದ್ರಿಗಳ ಸಂಘದ ಶಾಲೆಯ ವಿದ್ಯಾರ್ಥಿಗಳಿಗೂ ಲೂಥರನ್ನರಿಗೂ ಜಗಳವಾಯಿತು. ಗುಂಪು ಜೆಸ್ವಿಟರ ಶಾಲೆಗೆ ನುಗ್ಗಿ ಹಾಳುಗೆಡವಿತು. ವಾರ್ಸಾದ ನ್ಯಾಯಾಲಯ ಗಲಭೆ ತಡೆಯಲಿಲ್ಲವೆಂದು ಪುರಾಧ್ಯಕ್ಷ ಯೊಹಾನ್ ಗಾಟ್‌ಫ್ರೀಡ್ ರ‍್ಯೋಸ್ನರ್‌ಗೂ ಮರಣದಂಡನೆ ವಿಧಿಸಿತು. ಡಿಸೆಂಬರ್ 7ರಂದು ಅವರೂ ಇತರ ಒಂಬತ್ತು ಮಂದಿಯೂ ಪ್ರಾಣ ಕಳೆದುಕೊಂಡರು. ಸಂತ ಮರಿಯಾಳ ಚರ್ಚನ್ನು ಲೂಥರನ್ನರಿಂದ ಕಿತ್ತು ಕ್ಯಾಥೋಲಿಕರಿಗೆ ಕೊಟ್ಟರು. ಯುರೋಪಿನ ಪ್ರೊಟೆಸ್ಟಂಟ್ ದೇಶಗಳಲ್ಲಿ ಪೋಲೆಂಡಿನ ಸಹನೆಯ ಹೆಸರಿಗೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಪುರಭವನದ ಒಳಂಗಳ ಇಂದು ತಣ್ಣಗಿದೆ, ಆದರೆ ಈ ದಿನವನ್ನು ಬಿಟ್ಟು ತೋರುನ್‌ನ ಕಥೆ ಹೇಳುವುದು ಅನ್ಯಾಯ.

ಪುರಭವನಕ್ಕೆ 365 ಕಿಟಕಿಗಳಿವೆಯಂತೆ?

ವರ್ಷದ ದಿನಗಳಷ್ಟು ಕಿಟಕಿ, ವಾರಗಳಷ್ಟು ಕೋಣೆ, ತಿಂಗಳುಗಳಷ್ಟು ದೊಡ್ಡ ಸಭಾಂಗಣ ಎಂಬ ಮಾತಿದೆ. ಅದು ಪ್ರೀತಿಯಿಂದ ಬೆಳೆದ ಮಾತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಈಗಿನ ರೂಪಕ್ಕೆ ಬಂದು, ಹದಿನೇಳನೆಯ ಶತಮಾನದ ಆರಂಭದಲ್ಲಿ ಇನ್ನೊಂದು ಅಂತಸ್ತು ಏರಿದ ಕಟ್ಟಡ. 1703ರಲ್ಲಿ ಸ್ವೀಡನ್ನಿನ ದೊರೆ ಹನ್ನೆರಡನೇ ಚಾರ್ಲ್ಸ್ ಮುತ್ತಿಗೆ ಹಾಕಿದಾಗ ಸುಟ್ಟುಹೋಗಿ ಮತ್ತೆ ಎದ್ದಿತು.

ಎರಡನೆಯ ಮಹಾಯುದ್ಧದಲ್ಲಿ ವಾರ್ಸಾ ನೆಲಸಮವಾಯಿತು. ತೋರುನ್ ಹೇಗೆ ಉಳಿಯಿತು?

ಎರಡು ಕಾರಣಗಳು. ಮೊದಲನೆಯದು ಹಳೆಯದು. ನೆರೆಯ ರಾಜ್ಯಗಳು ಪೋಲೆಂಡನ್ನು ಹಂಚಿಕೊಂಡ ವಿಭಜನೆಗಳಲ್ಲಿ ಎರಡನೆಯದರಲ್ಲಿ, 1793ರಲ್ಲಿ, ಪ್ರಶ್ಯಾ ಈ ಊರನ್ನು ನುಂಗಿತು. ನೆಪೋಲಿಯನ್ ಕಾಲದ ಅಲ್ಪ ಬಿಡುವನ್ನು ಬಿಟ್ಟರೆ 1920ರ ಜನವರಿ 18ರವರೆಗೂ ಅದು ಜರ್ಮನ್ ಆಳ್ವಿಕೆಯಲ್ಲೇ ಇತ್ತು. ಗಡಿಯ ಊರಾದ್ದರಿಂದ ಪ್ರಶ್ಯನ್ನರು ಅದನ್ನು ಸೇನಾಕೋಟೆ ಮಾಡಿದರು, ಸುತ್ತ ದುರ್ಗಗಳ ಬಳೆ ತೊಡಿಸಿದರು. ಗೋಡೆಯ ಹೊರಗೆ ಕಟ್ಟಡ ಕಟ್ಟಲು ಕಟ್ಟುಪಾಡು ಇತ್ತು, ದೊಡ್ಡ ಕಾರ್ಖಾನೆಗಳು ಹೆಚ್ಚು ಬರಲಿಲ್ಲ. ಆ ಕಾಲಕ್ಕೆ ಅದು ನಷ್ಟವೇ. ಆದರೆ ಹಳೆಯ ಬೀದಿಗಳನ್ನು ಒಡೆದು ಅಗಲ ಮಾಡುವ ಒತ್ತಡವೂ ಬರಲಿಲ್ಲ.

ಎರಡನೆಯದು, 1945ರ ಫೆಬ್ರವರಿ ಆರಂಭದಲ್ಲಿ ಸೋವಿಯತ್ ಸೇನೆ ಬರುವ ಹೊತ್ತಿಗೆ ಜರ್ಮನ್ ಪಡೆ ಊರು ಬಿಟ್ಟು ಹೊರಟಿತ್ತು. ಬೀದಿಕಾಳಗ ನಡೆಯಲಿಲ್ಲ. ಕಟ್ಟಡಗಳು ಉಳಿದವು ಎಂದಾಗ ಜನರನ್ನು ಮರೆಯಬಾರದು. 1939ರಲ್ಲಿ ಊರನ್ನು ಹಿಡಿದ ಜರ್ಮನರು ಆ ಶರತ್ಕಾಲದಲ್ಲಿ ಏಳನೇ ದುರ್ಗದಲ್ಲಿ ಕೂಡಿಹಾಕಿದ್ದ ನೂರಾರು ಪೋಲಿಷರನ್ನು, ಅವರಲ್ಲಿ ಶಿಕ್ಷಕರು, ಪಾದ್ರಿಗಳು ಇದ್ದರು, ಬಾರ್ಬಾರ್ಕಾ ಕಾಡಿಗೆ ಒಯ್ದು ಗುಂಡಿಟ್ಟರು. ಊರಿನ ಬಸ್ಸಿನಲ್ಲೇ ಅಲ್ಲಿಗೆ ಹೋಗಬಹುದು, ಹೋಗಬೇಕು.

ಹಳೇ ಊರು 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕೋಪರ್ನಿಕಸ್ ಅಲ್ಲದೆ ಬೇರೆ ಯಾರಿದ್ದಾರೆ?

ನನ್ನ ಮೆಚ್ಚಿನವರು ಇಬ್ಬರು. 1771ರಲ್ಲಿ ಇಲ್ಲಿ ಹುಟ್ಟಿದ ಸಾಮುಯೆಲ್ ಲಿಂದೆ, ಜರ್ಮನ್ ಮಾತಿನ ಪರಿಸರದಲ್ಲಿ ಬೆಳೆದು, ಪೋಲೆಂಡ್ ಎಂಬ ದೇಶವೇ ಭೂಪಟದಿಂದ ಅಳಿಸಿಹೋಗಿದ್ದ ಕಾಲದಲ್ಲಿ ಪೋಲಿಷ್ ಭಾಷೆಯ ಆರು ಸಂಪುಟಗಳ ನಿಘಂಟನ್ನು 1807ರಿಂದ 1814ರವರೆಗೆ ಹೊರತಂದರು. ಕಿಟೆಲ್ ಅವರನ್ನು ನೆನೆಯುವ ನಮಗೆ ಈ ಪ್ರೀತಿ ಬೇಗ ಅರ್ಥವಾಗುತ್ತದೆ. ಇನ್ನೊಬ್ಬರು ಎಲ್ಜ್‌ಬ್ಯೆತಾ ಜಾವಾತ್ಸ್ಕಾ. 1909ರಲ್ಲಿ ಹುಟ್ಟಿದ ಗಣಿತ ಶಿಕ್ಷಕಿ, ಯುದ್ಧಕಾಲದ ಭೂಗತ ಸೇನೆಯ ದೂತೆ. ಬ್ರಿಟನ್ನಿನಿಂದ ಪ್ಯಾರಾಚೂಟಿನಲ್ಲಿ ಪೋಲೆಂಡಿಗೆ ಇಳಿದ ವಿಶೇಷ ಪಡೆಯ ಏಕೈಕ ಮಹಿಳೆ. 2009ರಲ್ಲಿ, ಇನ್ನೇನು ನೂರು ತುಂಬುವ ಹೊತ್ತಿಗೆ ಇದೇ ಊರಿನಲ್ಲಿ ತೀರಿಕೊಂಡರು.

ಇಂದಿನ ಊರು ಹೇಗಿದೆ?

ವಿದ್ಯಾರ್ಥಿಗಳ ಊರು. 1945ರಲ್ಲಿ, ಈಗ ಲಿಥುವೇನಿಯಾದಲ್ಲಿರುವ ವಿಲ್ನಿಯಸ್ ನಗರ ಪೋಲೆಂಡಿನ ಕೈತಪ್ಪಿದಾಗ ಅಲ್ಲಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದು ಇಲ್ಲಿ ಕೋಪರ್ನಿಕಸ್ ಹೆಸರಿನ ವಿಶ್ವವಿದ್ಯಾಲಯ ಕಟ್ಟಿದರು. ಅವರೊಂದಿಗೆ ಬಂದ ಖಗೋಳ ವಿಭಾಗ ಇಂದಿಗೂ ಅದರ ಹೆಮ್ಮೆ. ಊರಾಚೆಯ ಪಿವ್ನಿತ್ಸೆಯಲ್ಲಿ 32 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕವಿದೆ. ನಮ್ಮ ಸೌರಮಂಡಲದ ಹೊರಗೆ ಗ್ರಹಗಳಿರುವುದನ್ನು 1992ರಲ್ಲಿ ಮೊದಲ ಬಾರಿಗೆ ಖಚಿತಪಡಿಸಿದ ಇಬ್ಬರಲ್ಲಿ ಒಬ್ಬರಾದ ಅಲೆಕ್ಸಾಂಡರ್ ವೊಲ್‌ಶ್ಚಾನ್ ಓದಿದ್ದು ಇಲ್ಲಿಯೇ. ಹಳೆಯ ಅನಿಲ ಸ್ಥಾವರದ ತೊಟ್ಟಿಯೊಂದು ಈಗ ತಾರಾಲಯ.

ಪಕ್ಕದ ಬಿದ್ಗೋಶ್ಚ್ ನಗರದೊಂದಿಗೆ ಪೈಪೋಟಿ ಹಳೆಯದು. ಪ್ರಾಂತದ ರಾಜಧಾನಿಯ ಪಟ್ಟವನ್ನೇ ಇಬ್ಬರಿಗೂ ಹಂಚಿದ್ದಾರೆ: ಚುನಾಯಿತ ಸಭೆ ತೋರುನ್‌ನಲ್ಲಿ, ಸರ್ಕಾರದ ಪ್ರತಿನಿಧಿಯ ಕಚೇರಿ ಬಿದ್ಗೋಶ್ಚ್‌ನಲ್ಲಿ.

ಎಷ್ಟು ದಿನ ಬೇಕು? ಏನು ತರಬಹುದು?

ಎರಡು ರಾತ್ರಿ ಉಳಿಯಿರಿ. ಮುಖ್ಯ ರೈಲು ನಿಲ್ದಾಣ ನದಿಯ ಎಡದಂಡೆಯಲ್ಲಿದೆ, ಅದನ್ನು ತೊಂದರೆ ಎಂದುಕೊಳ್ಳಬೇಡಿ. ಸಾಮಾನು ಹಗುರವಾಗಿದ್ದರೆ ಸೇತುವೆಯ ಮೇಲೆ ನಡೆದೇ ದಾಟಿ. ಕೋಟೆಗೋಡೆ, ಹೆಬ್ಬಾಗಿಲುಗಳು, ಮೂರು ಚರ್ಚುಗಳ ಛಾವಣಿ ಎಲ್ಲವೂ ಒಟ್ಟಿಗೆ ನೀರಿನ ಅಂಚಿನಿಂದ ಏಳುವುದು ಅಲ್ಲಿಂದ ಕಾಣುತ್ತದೆ, ತೆಪ್ಪದವರು ಕಂಡ ಹಾಗೆಯೇ.

ತರುವುದಾದರೆ ಪ್ಯೆರ್ನಿಕ್ ತನ್ನಿ. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ: ಅಚ್ಚಿನಲ್ಲಿ ಒತ್ತಿದ ದೊಡ್ಡ ಚಿತ್ತಾರದ ಬಿಲ್ಲೆಗಳು ಕಲ್ಲಿನಷ್ಟು ಗಟ್ಟಿ, ಅವು ಗೋಡೆಗೆ ತೂಗುಹಾಕಲು. ತಿನ್ನಲು ಕತಜಿಂಕಾ ಕೊಳ್ಳಿ, ಬಿಸಿ ಹಾಲಿನ ಜೊತೆ ಚೆನ್ನಾಗಿರುತ್ತದೆ.